ಹಾಳೆಯ ಬೆನ್ನು ನೋಡದ ಇಗರಾಶಿ ಮೇಷ್ಟ್ರು

ಇಗರಾಶಿ ಮೇಷ್ಟ್ರು ತಾವು ಬರೆದ ಹಾಳೆಯನ್ನು ಎಂದೂ ತಿರುವಿ ನೋಡುತ್ತಿರಲಿಲ್ಲ. ನಮ್ಮ ಕಸುಬಿನ ಹೊರಗಿನವರಿಗೆ ಇದು ಹೇಳಿಕೊಳ್ಳುವಂಥ ಸಂಗತಿ ಎನಿಸಲಾರದು. ಆದರೆ ಮಾಂಗಾ ಎನ್ನುವ ನಮ್ಮ ಚಿತ್ರಕಥೆ ಬರೆಯುವವರಿಗೆ, ಪೆನ್ಸಿಲಿನ ಗೆರೆ ಕೂತ ಮೇಲೆ ಹಾಳೆಯನ್ನು ಮಗುಚಿ ಕಿಟಕಿಯ ಬೆಳಕಿಗೆ ಹಿಡಿದು ಹಿಂದಿನಿಂದ ನೋಡುವುದು ಅಡುಗೆಯವರು ಉಪ್ಪು ನೋಡಿದಷ್ಟೇ ಸಹಜ. ಎದುರಿನಿಂದ ನೆಟ್ಟಗೆ ಕಂಡ ಮುಖ ಬೆನ್ನಿನಿಂದ ನೋಡಿದರೆ ಸೊಟ್ಟಗಿರುತ್ತದೆ. ಒಂದು ಕಣ್ಣು ಮೇಲಕ್ಕೆ ಹೋಗಿರುತ್ತದೆ, ದವಡೆ ಒಂದು ಕಡೆಗೆ ಜಾರಿರುತ್ತದೆ. ಕೈ ಮಾಡಿದ ಮೋಸವನ್ನು ಕಣ್ಣು ಹಿಡಿಯಲು ಅದಕ್ಕಿಂತ ಸುಲಭದ ಉಪಾಯವಿಲ್ಲ. ಇಗರಾಶಿಯವರು ಅದನ್ನು ಮಾಡುತ್ತಿರಲಿಲ್ಲ, ತಮ್ಮ ಮನೆಯಲ್ಲಿ ಬೇರೆಯವರು ಮಾಡಲೂ ಬಿಡುತ್ತಿರಲಿಲ್ಲ. ಹೀಗಾಗಿ ಅವರ ಕಥೆಗಳ ಜನರೆಲ್ಲರ ಬಲಗಣ್ಣು ಎಡಗಣ್ಣಿಗಿಂತ ಕೂದಲೆಳೆಯಷ್ಟು ಮೇಲಿರುತ್ತಿತ್ತು, ತಲೆ ಯಾವುದೋ ದೂರದ ಸದ್ದಿಗೆ ಕಿವಿಗೊಟ್ಟಂತೆ ಒಂದು ಪಕ್ಕಕ್ಕೆ ವಾಲಿರುತ್ತಿತ್ತು. ವಿಮರ್ಶಕರು ಇದನ್ನು ಇಗರಾಶಿ ಶೈಲಿ ಎಂದು ಕರೆದರು. ಎಳೆಯರು ಕೆಲವರು ಬಹಳ ಕಷ್ಟಪಟ್ಟು ಇದನ್ನು ಅನುಕರಿಸಿದರು.

ಅಕಿತಾದ ಹಿಮದ ಸೀಮೆಯಿಂದ ಬಂದ ಹತ್ಸುಮಿ ಅವರ ಮನೆಗೆ ಸಹಾಯಕಿಯಾಗಿ ಸೇರಿದ ಮೊದಲ ದಿನವೇ, ತಾನು ಬರೆದ ಜೊಂಡಿನ ಪೊದೆಯ ಹಾಳೆಯನ್ನು ಮಗುಚಿ ಕಿಟಕಿಗೆ ಹಿಡಿದಳು. ಮೇಷ್ಟ್ರು ಎದ್ದು ಬಂದು, ಹಾಳೆಯನ್ನು ಅವಳ ಕೈಯಿಂದ ಬಿಡಿಸಿಕೊಂಡು, ಮಲಗಿದ ಮಗುವನ್ನು ಹೊರಳಿಸುವಂತೆ ಮೆಲ್ಲಗೆ ಮುಖ ಮೇಲೆ ಮಾಡಿ ಮೇಜಿನ ಮೇಲಿಟ್ಟು, "ಈ ಮನೇಲಿ ಅದು ಬೇಡಮ್ಮ" ಎಂದರು. ದನಿಯಲ್ಲಿ ಗದರಿಕೆ ಇರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು ಎಂದು ಹತ್ಸುಮಿಗೆ ಆಮೇಲೆ ಅನ್ನಿಸಿತು; ಗದರಿದವರನ್ನು ಕಾರಣವಾದರೂ ಕೇಳಬಹುದು.

ಟೋಕಿಯೊದ ಅಂಚಿನ ನೆರಿಮಾದಲ್ಲಿ, ಮೂಲಂಗಿಯ ಹೊಲಗಳು ಒಂದೊಂದಾಗಿ ಮನೆಗಳಾಗುತ್ತಿದ್ದ ಕಾಲದಲ್ಲಿ, ಬೀದಿಯ ಸ್ನಾನದ ಮನೆಯ ಹೊಗೆಗೂಡು ಸಂಜೆಯ ನೆರಳನ್ನು ಚಾಚುವ ಓಣಿಯ ಕೊನೆಗೆ ಅವರ ಮನೆ. ಗಿಡ್ಡ ಆಳು, ಮುಖದಲ್ಲಿ ಮೂಗೇ ಮುಂದಾಳು. ನಡೆಯುವಾಗ ಬಲಭುಜ ಮುಂದೆ, ಎಡಭುಜ ಹಿಂದೆ. ದೊಡ್ಡ ಹೊರೆ ಹೊತ್ತು ಕಿರಿದಾದ ಬಾಗಿಲಲ್ಲಿ ನುಸುಳುವವರ ನಡಿಗೆ ಅದು, ಬಯಲಲ್ಲಿ ನಡೆದರೂ ಹಾಗೆಯೇ. ಮೈಮೇಲೆ ವರ್ಷವಿಡೀ ಕಂದು ಬಣ್ಣದ ಒಂದು ದಪ್ಪ ಕೋಟು. ಅದರ ಎಡತೋಳು ಮಣಿಕಟ್ಟಿನವರೆಗೆ ಇತ್ತು. ಬಲತೋಳನ್ನು ಮೊಣಕೈಗೇ ಕತ್ತರಿಸಿದ್ದರು, ಹಸಿ ಮಸಿಯ ಮೇಲೆ ತೋಳಿನ ಅಂಚು ಉಜ್ಜಬಾರದೆಂದು. ಪ್ರಕಾಶಕರು ಹೊಸ ವರ್ಷಕ್ಕೆ ಕೊಡುವ ಔತಣಕ್ಕೂ ಅದೇ ಕೋಟಿನಲ್ಲಿ ಹೋಗಿ, ಓರೆಗಣ್ಣಿನಿಂದ ನೋಡಿದವರಿಗೆ, "ಆ ತೋಳು ವಾರಪತ್ರಿಕೆಗೆ ಕೊಟ್ಟೆ, ಈ ತೋಳು ನನ್ನದು" ಎನ್ನುತ್ತಿದ್ದರು. ಯಾರು ಏನು ಹೇಳಿದರೂ ಮೊದಲು "ಅದೂ ಸರಿ" ಎಂದು ಒಪ್ಪಿ, ಆಮೇಲೆ ಸುಮ್ಮನಾಗಿ, ಕೊನೆಗೆ ತಮಗೆ ತೋಚಿದ್ದನ್ನೇ ಮಾಡುವುದು ಅವರ ಕ್ರಮ. ಇಗರಾಶಿಯ ಬಾಯಲ್ಲಿ "ಅದೂ ಸರಿ" ಬಂದರೆ ಕೆಲಸ ಕೆಟ್ಟಿತು ಎಂದು ಸಂಪಾದಕರು ಒಬ್ಬರಿಗೊಬ್ಬರು ಎಚ್ಚರಿಕೆ ಹೇಳಿಕೊಳ್ಳುತ್ತಿದ್ದರು.

ಮಧ್ಯಾಹ್ನದ ಊಟಕ್ಕೆ ರೈಲು ನಿಲ್ದಾಣಕ್ಕೆ ಹೋಗುತ್ತಿದ್ದರು. ಆದರೆ ರೈಲು ಹತ್ತುತ್ತಿರಲಿಲ್ಲ. ಪ್ಲಾಟ್‌ಫಾರಂ ಟಿಕೆಟು ಕೊಂಡು ಒಳಗೆ ಹೋಗಿ, ನಿಂತೇ ತಿನ್ನುವ ಅಂಗಡಿಯಲ್ಲಿ ಬಿಸಿ ಸೋಬಾ ನೂಡಲ್ಸಿನ ಬಟ್ಟಲು ಹಿಡಿದು, ಅದರ ಆವಿಯ ಮರೆಯಿಂದ ಜನ ಏನು ಓದುತ್ತಿದ್ದಾರೆಂದು ನೋಡುವುದು. ಟೆಲಿಫೋನ್ ಡೈರೆಕ್ಟರಿಯಷ್ಟು ದಪ್ಪದ ಮಾಂಗಾ ಪತ್ರಿಕೆಯನ್ನು ಒಂದು ನಿಲ್ದಾಣದಲ್ಲಿ ಕೊಂಡು ಇನ್ನೊಂದರಲ್ಲಿ ಕಸದ ಬುಟ್ಟಿಗೆ ಹಾಕಿ ಕೆಲಸಕ್ಕೆ ಹೋಗುವುದು ಆ ಊರಿನವರ ರೂಢಿ. ಯಾವ ಪುಟದಲ್ಲಿ ಹೆಬ್ಬೆರಳು ತಡೆಯುತ್ತದೆ, ಯಾವುದನ್ನು ಬೇಗ ಹಾರಿಸುತ್ತಾರೆ ಎಂಬುದನ್ನು ಮೇಷ್ಟ್ರು ವೈದ್ಯರು ನಾಡಿ ಹಿಡಿದಂತೆ ಗಮನಿಸುತ್ತಿದ್ದರು. ಒಮ್ಮೆ ಅವರ ಕಥೆಯಿದ್ದ ಸಂಚಿಕೆಯನ್ನೇ ಒಬ್ಬ ಗುಮಾಸ್ತ ಮಡಚಿ ಬುಟ್ಟಿಗೆ ತುರುಕಿದ್ದನ್ನು ಕಂಡು ಹತ್ಸುಮಿಯ ಮುಖ ಸಣ್ಣದಾಯಿತು. ಮೇಷ್ಟ್ರು ನೂಡಲ್ಸಿನ ಕೊನೆಯ ಎಳೆ ಹೀರಿಕೊಂಡು, "ಓದಿ ಎಸೆದ ಕಣಮ್ಮ. ಓದದೆ ಎಸೆಯೋರು ಬರ್ತಾರೆ, ಆಗ ಬೇಜಾರು ಮಾಡ್ಕೊಳ್ಳುವಂತೆ" ಎಂದರು.

ಆ ಮಾತು ತಮಾಷೆಯದಲ್ಲ. ಯುದ್ಧದಲ್ಲಿ ಬೆಂದುಹೋದ ಒಸಾಕಾದಲ್ಲಿ, ಬಾಡಿಗೆ ಪುಸ್ತಕದ ಅಂಗಡಿಗಳಿಗೆ ಮಾಂಗಾ ಬರೆದು ಬೆಳೆದವರು ಅವರು. ಆಗ ಕಥೆಗೂ ಜನ ಅಕ್ಕಿಗೆ ನಿಂತಂತೆ ಸಾಲು ನಿಲ್ಲುತ್ತಿದ್ದರು. ಕಬ್ಬಿಣದ ಕಾರ್ಖಾನೆಯ ಹುಡುಗರು, ನೂಲಿನ ಗಿರಣಿಯ ಹೆಣ್ಣುಮಕ್ಕಳು ಒಂದು ದಿನದ ಬಾಡಿಗೆಗೆ ಒಯ್ದ ಪುಸ್ತಕ ಮರಳಿ ಬರುವಾಗ ಪುಟಗಳ ಮೂಲೆಯಲ್ಲಿ ಎಣ್ಣೆಬೆರಳು, ನಡುವೆ ಸಾರಿನ ಕಲೆ, ಎಲ್ಲೋ ಒಂದು ಕಡೆ ಕಣ್ಣೀರಿಗೆ ಉಬ್ಬಿದ ಕಾಗದ. ಆ ಉಬ್ಬನ್ನು ನೋಡಿ ತಮ್ಮ ಕಥೆ ಎಲ್ಲಿ ತಾಗಿತೆಂದು ತಿಳಿಯುತ್ತಿತ್ತು ಎಂದು ಮೇಷ್ಟ್ರು ಹೇಳುತ್ತಿದ್ದರು. ಟೆಲಿವಿಷನ್ ಬಂತು, ಆ ಅಂಗಡಿಗಳು ಮುಚ್ಚಿದವು, ವಾರಪತ್ರಿಕೆಗಳ ಕಾಲ ಬಂತು. ಇಗರಾಶಿ ಹೆಂಡತಿ ಕಿನುಯೊಳನ್ನು ಕರೆದುಕೊಂಡು ಟೋಕಿಯೊಗೆ ಬಂದರು. ಅಲ್ಲಿ ಓದುಗರು ವಾರವಾರವೂ ಅಂಚೆಕಾರ್ಡು ಬರೆದು ಯಾವ ಕಥೆ ಹಿಡಿಸಿತೆಂದು ಹೇಳುವ ಪದ್ಧತಿ. ಕಾರ್ಡು ಬಾರದ ಕಥೆಯನ್ನು ನಡುನೀರಿನಲ್ಲೇ ಕೈಬಿಡುವ ಪದ್ಧತಿ. ಅದರಲ್ಲಿ ಅವರು ನಿಂತದ್ದು 'ಜೊಂಡಿನ ದೋಣಿ' ಎಂಬ ಒಂದೇ ಒಂದು ನೀಳ್ಗತೆಯಿಂದ. ಹಳೆಯ ಕಾಲದ ಒಂದು ನದೀತೀರ, ದೋಣಿ ದಾಟಿಸುವ ಗೆನ್ಪಾಚಿ, ಅವನ ಹೆಂಡತಿ ಓತಾಕಿ. ಓತಾಕಿಯ ಮುಖ ಕಿನುಯೊಳದೆಂದು ಎಲ್ಲರಿಗೂ ಗೊತ್ತಿತ್ತು. ಕಿನುಯೊಗೂ ಗೊತ್ತಿತ್ತು, ಕಿವಿ ಅಷ್ಟು ದೊಡ್ಡದು ಮಾಡಿದ್ದೀರಲ್ಲ ಎಂದು ವಾರವಾರವೂ ಜಗಳ ತೆಗೆಯುತ್ತಿದ್ದಳಂತೆ.

ಕಥೆ ನಡೆಯುತ್ತಿರುವಾಗಲೇ ಕಿನುಯೊ ತೀರಿಕೊಂಡಳು. ಅದಾದ ಮರುವರ್ಷ ಕಥೆಯಲ್ಲಿ ಓತಾಕಿಯೂ ಸತ್ತಳು. ಉತ್ತರಕ್ಕೆ ತಲೆಯಿಟ್ಟು ಮಲಗಿಸಿದ ಅವಳೊಬ್ಬಳೇ ಇಡೀ ಪುಟದಲ್ಲಿ. ಮಾತಿನ ಗುಳ್ಳೆಯಿಲ್ಲ, ಜೊಂಡಿಲ್ಲ, ನದಿಯಿಲ್ಲ. ಆ ವಾರ ಅಂಚೆಕಾರ್ಡುಗಳು ಚೀಲ ಚೀಲ ಬಂದವು. ಆಗಿನ ಸಂಪಾದಕ ಅಭಿನಂದಿಸಲು ಫೋನ್ ಮಾಡಿದ. ಮೇಷ್ಟ್ರು "ಅದೂ ಸರಿ" ಎಂದು ಫೋನ್ ಇಟ್ಟರಂತೆ.

ಚಕ್ರವರ್ತಿ ತೀರಿಕೊಂಡು ಯುಗದ ಹೆಸರು ಬದಲಾದ ವರ್ಷದ ಶರತ್ಕಾಲದಲ್ಲಿ, 'ಜೊಂಡಿನ ದೋಣಿ' ಅಂಗಡಿಗಳಲ್ಲಿ ಸಿಗದಂತಾಗಿ ಎಷ್ಟೋ ಕಾಲವಾದ ಮೇಲೆ, ಅಕುತ್ಸು ಎಂಬ ಸಂಪಾದಕ ಕಾಳು ಬೆಲ್ಲದ ಸಿಹಿ ಹಿಡಿದು ಬೆವರುತ್ತ ಬಂದ. ಫ್ರಾನ್ಸಿನ ಒಂದು ಚಿಕ್ಕ ಪ್ರಕಾಶನ ಈ ಕಥೆಯನ್ನು ಕೇಳಿದೆ ಎಂದ. ನಮ್ಮ ಮಾಂಗಾಕ್ಕೆ ಹೊರದೇಶಗಳಲ್ಲಿ ಆಗಷ್ಟೇ ಹಸಿವು ಹುಟ್ಟುತ್ತಿದ್ದ ಕಾಲ ಅದು. ಟೆಲಿವಿಷನ್ನಿನಲ್ಲಿ ಕುಣಿಯುವ ಬೊಂಬೆಗಳನ್ನು ನೋಡಿ ಬೆಳೆದ ಅಲ್ಲಿಯ ಮಕ್ಕಳು ದೊಡ್ಡವರಾಗಿ, ಆ ಬೊಂಬೆಗಳು ಹುಟ್ಟಿದ ಕಾಗದವನ್ನು ಹುಡುಕಿಕೊಂಡು ಬರುತ್ತಿದ್ದರು. ಮೇಷ್ಟ್ರು ಕಿವಿ ಚುರುಕಾಗಿಸಿಕೊಂಡು ಕೂತದ್ದನ್ನು ಹತ್ಸುಮಿ ಆ ದಿನ ಮೊದಲ ಸಲ ಕಂಡಳು. ಅವರ ಬಲಗಣ್ಣಿಗೆ ಪೊರೆ ಬರತೊಡಗಿತ್ತು. ಇನ್ನು ಬರೆಯಬಹುದಾದದ್ದು ಹೆಚ್ಚಿಲ್ಲವೆಂದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ತಮ್ಮ ಭಾಷೆಯ ಒಂದಕ್ಷರ ಬಾರದ ಯಾರೋ ಒಬ್ಬರು ಓತಾಕಿಯ ಮುಖ ನೋಡಿ ಪುಟ ಮಗುಚಲಾರದೆ ಕೂರಬೇಕು ಎಂಬುದು ಅವರು ಬಾಯಿಬಿಟ್ಟು ಹೇಳದ ಆಸೆ.

ಅಕುತ್ಸುಗೆ ಆ ಆಸೆಯ ವಾಸನೆ ಹತ್ತಿತ್ತು. "ಅಲ್ಲಿ ಬುಟ್ಟಿಗೆ ಎಸೆಯಲ್ಲ ಮೇಷ್ಟ್ರೇ, ಗಟ್ಟಿ ರಟ್ಟು ಹಾಕಿ ಕಪಾಟಲ್ಲಿ ಇಡ್ತಾರೆ" ಎನ್ನುತ್ತ ಮಾದರಿಗೆಂದು ಅಲ್ಲಿಂದ ಬಂದ ಕೆಲವು ಹಾಳೆಗಳನ್ನು ಮೇಜಿನ ಮೇಲೆ ಹರಡಿದ. ಅಲ್ಲಿಯವರು ಓದುವುದು ಎಡದಿಂದ ಬಲಕ್ಕೆ; ನಮ್ಮ ಪುಸ್ತಕ ಬಲದಿಂದ ಎಡಕ್ಕೆ. ಅದಕ್ಕಾಗಿ ಇಡೀ ಪುಟವನ್ನೇ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಅಚ್ಚು ಹಾಕುವುದು ಆಗಿನ ವಾಡಿಕೆಯಾಗಿತ್ತು. ಎಲ್ಲ ಹಾಗೇ ಇರುತ್ತದೆ, ದಿಕ್ಕು ಮಾತ್ರ ಬೇರೆ ಎಂದು ಅಕುತ್ಸು ವಿವರಿಸಿದ.

ಮೇಷ್ಟ್ರು ಒಂದು ಹಾಳೆ ನೋಡಿದರು. ಎರಡನೆಯದನ್ನು ಮುಟ್ಟಲಿಲ್ಲ.

ಕಿಮೊನೊ ಉಡುವಾಗ ಬಲ ಮಗ್ಗುಲನ್ನು ಮೊದಲು ಮೈಗೆ ಸುತ್ತಿ ಎಡ ಮಗ್ಗುಲನ್ನು ಅದರ ಮೇಲೆ ತರುವುದು ಬದುಕಿರುವವರ ಕ್ರಮ. ಹೆಣಕ್ಕೆ ಉಡಿಸುವಾಗ ಮಾತ್ರ ಇದು ತಿರುವುಮುರುವು. ಮಕ್ಕಳು ಆಟದಲ್ಲಿ ಹಾಗೆ ಸುತ್ತಿಕೊಂಡರೂ ಅಜ್ಜಿಯಂದಿರು ಕೈಮೇಲೆ ಹೊಡೆದು ಬಿಚ್ಚಿಸುತ್ತಾರೆ. ತಿರುಗಿಸಿದ ಆ ಹಾಳೆಯಲ್ಲಿ ಗೆನ್ಪಾಚಿ, ಓತಾಕಿ, ದೋಣಿಯಲ್ಲಿ ಕೂತ ಮೀನಿನವಳು, ದಡದಲ್ಲಿ ಕುಣಿಯುವ ಮಕ್ಕಳು ಎಲ್ಲರೂ ಹೆಣದ ಮಡಿಕೆಯಲ್ಲಿ ನಗುತ್ತಿದ್ದರು.

"ಇವರೆಲ್ಲಾ ಸತ್ತಿದಾರಲ್ಲಯ್ಯ" ಎಂದರು ಮೇಷ್ಟ್ರು.

ಅಕುತ್ಸು ನಕ್ಕ. "ಅಲ್ಲಿಯೋರಿಗೆ ಇದೆಲ್ಲ ಗೊತ್ತಾಗಲ್ಲ ಬಿಡಿ. ಅವರಿಗೆ ಅದು ಬರೀ ಬಟ್ಟೆ."

"ಅದೂ ಸರಿ" ಎಂದು ಮೇಷ್ಟ್ರು ಆ ಹಾಳೆಯನ್ನು ಅವನತ್ತ ಸರಿಸಿದರು. ಆಮೇಲೆ, "ಅವರಿಗೆ ಗೊತ್ತಾಗಲ್ಲ. ಓತಾಕಿಗೆ ಗೊತ್ತಾಗುತ್ತೆ" ಎಂದರು.

ಬೇಡ ಎಂದುಬಿಡುತ್ತಾರೆಂದು ಹತ್ಸುಮಿ ಎಣಿಸಿದ್ದಳು. ಅವರು ಬೇಡ ಎನ್ನಲಿಲ್ಲ. ಕಪಾಟಿನ ಮಾತು ಅವರೊಳಗೆ ಇಳಿದಿತ್ತು. ಪುಸ್ತಕ ಹೋಗಲಿ, ಆದರೆ ಹೋಗುವ ಮುಂಚೆ ಪ್ರತಿಯೊಬ್ಬರ ಎದೆಯ ಮಡಿಕೆಯನ್ನೂ ತಿದ್ದಿ ಕೊಡುತ್ತೇನೆ ಎಂದರು. ಹಾಗಿದ್ದರೆ ತಿರುಗಿಸಿದ ನಕಲುಗಳನ್ನೇ ಕಳಿಸುತ್ತೇನೆ, ಅದರ ಮೇಲೆ ಬದುಕಿದವರ ಮಡಿಕೆಯನ್ನು ಎಂದಿನ ಹಾಗೆ ಬರೆದರಾಯಿತು, ಕೆಲಸ ಹಗುರ ಎಂದ ಅಕುತ್ಸು. ಅದಕ್ಕೆ ಅವರು ಒಪ್ಪಲಿಲ್ಲ. ತಿರುಗಿಸಿದ ಹಾಳೆಯಲ್ಲಿ ತಮ್ಮವರ ಮುಖ ತಮಗೆ ಗುರುತು ಸಿಗುವುದಿಲ್ಲ, ಅದರ ಮೇಲೆ ಕೈ ಓಡುವುದಿಲ್ಲ ಎಂದರು. ನೆಟ್ಟಗಿನ ನಕಲುಗಳು ಬರಲಿ. ಅದರಲ್ಲಿ ನಾವೇ ಎಲ್ಲರಿಗೂ ಹೆಣದ ಮಡಿಕೆ ಹಾಕುತ್ತೇವೆ. ಅಲ್ಲಿ ತಿರುಗಿಸಿದಾಗ ಎಲ್ಲರೂ ಬದುಕಿಕೊಳ್ಳುತ್ತಾರೆ.

ಹೀಗೆ ಆ ಚಳಿಗಾಲ ಶುರುವಾಯಿತು. ಕೆಳಗೆ ಕೆಂಡದ ಬಿಸಿಯಿದ್ದ ಮೇಜಿಗೆ ಕಂಬಳಿ ಹೊದಿಸಿ, ಕಾಲನ್ನು ಅದರೊಳಗೆ ತೂರಿಸಿ, ಬೆಳಗಿನ ಬೆಳಕು ಇರುವವರೆಗೆ ಇಬ್ಬರೂ ಎದುರುಬದುರು ಕೂತು ಕೆಲಸ ಮಾಡಿದರು. ಹತ್ಸುಮಿ ಎದೆಯ ಭಾಗಕ್ಕೆ ಬಿಳಿ ಬಣ್ಣ ಬಳಿದು ಹಳೆಯ ಗೆರೆಯನ್ನು ಮುಚ್ಚುವಳು. ಒಣಗಿದ ಮೇಲೆ ಮೇಷ್ಟ್ರು ನಿಬ್ಬನ್ನು ಮಸಿಯಲ್ಲದ್ದಿ ಹೊಸ ಮಡಿಕೆ ಎಳೆಯುವರು. ಸಮುರಾಯಿಗಳ ಸೊಂಟದ ಕತ್ತಿಯೂ ಅಲ್ಲಿ ಬಲಗಡೆಗೆ ಹೋಗುತ್ತದಲ್ಲ, ಅದನ್ನೇನು ಮಾಡುವುದು ಎಂದು ಅವಳು ಕೇಳಿದಳು. "ಎಡಚ ಆಗ್ತಾನೆ, ಆಗ್ಲಿ ಬಿಡು. ಎಡಚ ಆದ್ರೆ ಯಾರೂ ಸಾಯಲ್ಲ" ಎಂದರು. ಆ ಚಳಿಗಾಲದಲ್ಲಿ ಅವರು ಆಡಿದ ತಮಾಷೆ ಅದೊಂದೇ ಇರಬೇಕು. ದಿನ ಕಳೆದಂತೆ ಮಾತು ಕಡಿಮೆಯಾಯಿತು, ನಿಲ್ದಾಣದ ಸೋಬಾ ತಪ್ಪಿತು. ತಾವೇ ಹುಟ್ಟಿಸಿ, ಮಾತು ಕಲಿಸಿ, ಹೊಳೆ ದಾಟಿಸಿದ ಜನರಿಗೆ ಒಬ್ಬೊಬ್ಬರಿಗಾಗಿ ತಮ್ಮ ಕೈಯಿಂದಲೇ ಹೆಣದ ಉಡುಗೆ ಉಡಿಸುತ್ತಿದ್ದ ಅವರನ್ನು ನೋಡುವಾಗ, ಇದು ಅವರನ್ನು ಉಳಿಸುವ ಕೆಲಸವೆಂದು ಹತ್ಸುಮಿ ತನಗೆ ತಾನೇ ಮತ್ತೆಮತ್ತೆ ಹೇಳಿಕೊಳ್ಳಬೇಕಾಗುತ್ತಿತ್ತು. ಮಗುವೊಂದರ ಎದೆಗೆ ಗೆರೆ ಎಳೆಯುವ ಮುಂಚೆ ಮೇಷ್ಟ್ರು ನಿಬ್ಬನ್ನು ಕೆಳಗಿಟ್ಟು ಕೈಯನ್ನು ಕೋಟಿಗೆ ಒರೆಸಿಕೊಂಡದ್ದನ್ನು ಅವಳು ಕಂಡಳು.

ಹೊಸ ವರ್ಷ ಹತ್ತಿರ ಬಂದಾಗ ಕವಾಗೊಯೆ ಊರಿನಿಂದ ಕಿನುಯೊಳ ಅಕ್ಕ ಶಿಗೆನೊ ಸಿಹಿಗೆಣಸಿನ ಚೀಲ ಹೊತ್ತು ಬಂದಳು. ಬಾಯಿ ಜೋರಿನ ಹೆಂಗಸು; ತಂಗಿ ಹೋದ ಮೇಲೂ ವರ್ಷಕ್ಕೆರಡು ಸಲ ಬಂದು ಈ ಮನೆಯ ಧೂಳು ಹೊಡೆಯುವುದನ್ನು ಬಿಟ್ಟಿರಲಿಲ್ಲ. ಒಳಗೆ ಕಾಲಿಟ್ಟವಳು ಮೇಜಿನ ಮೇಲೆ ಒಣಗಲು ಹರಡಿದ್ದ ಹಾಳೆಗಳನ್ನು ನೋಡಿ ಚೀಲವನ್ನು ಹಿಡಿದೇ ನಿಂತಳು.

"ಏನಯ್ಯಾ ಇದು, ಊರಿಗೆ ಊರನ್ನೇ ಮಲಗಿಸ್ತಾ ಕೂತಿದ್ದೀಯ? ವರ್ಷದ ಕೊನೇಲಿ ಮಾಡೋ ಕೆಲಸವಾ?"

"ಪರದೇಶಕ್ಕೆ ಹೋಗೋರು ಅಕ್ಕ. ಅಲ್ಲಿಗೆ ಹೋದ ಮೇಲೆ ಸರಿ ಹೋಗ್ತಾರೆ."

"ನಿನ್ನ ತಲೆ ಸರಿ ಹೋಗೋದು ಯಾವ ದೇಶದಲ್ಲಿ ಅಂತ ಮೊದಲು ಕೇಳಿ ಬಾ" ಎಂದು ಶಿಗೆನೊ ಒಳಗೆ ಹೋದಳು. ಅಡುಗೆಮನೆಯಲ್ಲಿ ಗೆಣಸು ತೊಳೆಯುತ್ತ, ಹತ್ಸುಮಿ ಕೇಳದಿದ್ದರೂ ತಾನಾಗಿಯೇ ಆ ದಿನದ ಸಂಗತಿ ಹೇಳಿದಳು. ಕಿನುಯೊ ತೀರಿಕೊಂಡದ್ದು ಬೆಳಗಿನ ಜಾವ. ವಾರದ ಕಂತು ಕೊಡಬೇಕಾದದ್ದು ಅದೇ ದಿನ. ಪತ್ರಿಕೆಯವನು ಬಾಗಿಲಲ್ಲಿ ಬೂಟು ಬಿಚ್ಚದೆ ಕೂತಿದ್ದ. ಪಾಪ, ಹೋಗೆಂದರೆ ಅಚ್ಚಿನ ಮನೆ ಕಾಯುತ್ತಿದೆ ಎಂದು ಅವನೂ ಅಳುತ್ತಿದ್ದ. ಒಂದು ಕೋಣೆಯಲ್ಲಿ ಹೆಂಗಸರು ಮೈ ಒರೆಸಿ, ಬಿಳಿ ಉಡಿಸಿ, ಮಡಿಕೆ ತಿರುವಿ ಹಾಕಿದರು. ಗಂಡ ಪಕ್ಕದ ಕೋಣೆಯಲ್ಲಿ ಕೊನೆಯ ಪುಟ ಬರೆಯುತ್ತಿದ್ದ.

"ಉಡಿಸಿ ಆಯ್ತು, ಬಾ ನೋಡು ಅಂತ ಹೇಳೋಕೆ ನಾನೇ ಬಾಗಿಲು ಸರಿಸಿದೆ ಕಣೆ. ಅವನು ಹಾಳೆ ಮಗುಚಿ ಕಿಟಕಿಗೆ ಹಿಡಿದು ನಿಂತಿದ್ದ. ಓತಾಕಿ ನಗ್ತಾ ಇರೋ ಚಿತ್ರ. ಹಿಂದಿನಿಂದ ನೋಡಿದ್ರೆ ಅವಳ ಎದೆ ಮೇಲೂ ಅದೇ ಮಡಿಕೆ. ನನ್ನ ಬೆನ್ನ ಹಿಂದೆ ತಂಗಿ, ಅವನ ಕೈಯಲ್ಲಿ ಅವಳು. ನಾನು ಏನು ಹೇಳೋಕೆ ಬಂದೆ ಅಂತಾನೇ ಮರೆತೋಯ್ತು."

ಅವನು ಬಂದು ಹೆಂಡತಿಯ ಬಳಿ ಕೂತ, ಆದರೆ ಮುಟ್ಟಲಿಲ್ಲ; ಮುಟ್ಟಿ ಮಾಡಬೇಕಾದ ಕೆಲಸವೆಲ್ಲ ಮುಗಿದುಹೋಗಿತ್ತು ಎಂದು ಶಿಗೆನೊ ಹೇಳಿ, ಗೆಣಸಿನ ಮಣ್ಣನ್ನು ಬೆರಳಿನಿಂದ ಕೆರೆಯುತ್ತ ಬೇರೆ ಮಾತಿಗೆ ಹೋದಳು.

ಓತಾಕಿ ಸತ್ತ ಆ ಪುಟವನ್ನು ಮೇಷ್ಟ್ರು ಒಂದು ವರ್ಷದ ಮೇಲೆ ಏಕೆ ಅಷ್ಟು ದೊಡ್ಡದಾಗಿ, ಬಿಳಿಯ ಒಂದೊಂದು ನೆರಿಗೆಯನ್ನೂ ಬಿಡದೆ ಬರೆದರೆಂಬುದು ಹತ್ಸುಮಿಗೆ ಅಂದು ತಿಳಿಯಿತು. ತಮ್ಮ ಕೈಯಿಂದ ಉಡಿಸಲಾಗದ್ದನ್ನು ಅವರು ಅಲ್ಲಿ ಉಡಿಸಿದ್ದರು.

ಕೊರೆಯುವ ಚಳಿ ಕಳೆದು ಪ್ಲಮ್ ಗಿಡಗಳು ಮೊಗ್ಗು ಬಿಡುವ ಹೊತ್ತಿಗೆ ಎಲ್ಲ ಹಾಳೆಗಳೂ ಮುಗಿದವು. ಆ ಒಂದು ಪುಟ ಉಳಿಯಿತು. ಅದರ ಲೆಕ್ಕ ಉಳಿದವುಗಳಿಗೆ ವಿರುದ್ಧ. ಓತಾಕಿ ಅಲ್ಲಿ ನಿಜವಾಗಿ ಸತ್ತಿದ್ದಳು, ಮೂಲದಲ್ಲಿಯೇ ಅವಳಿಗೆ ಹೆಣದ ಮಡಿಕೆ ಇತ್ತು. ಹಾಗೆಯೇ ತಿರುಗಿಸಿ ಅಚ್ಚು ಹಾಕಿದರೆ ಅದು ಬದುಕಿದವರ ಮಡಿಕೆಯಾಗುತ್ತದೆ. ಪರದೇಶದ ಪುಸ್ತಕದಲ್ಲಿ ಅವಳು ಹೆಣವಾಗಿಯೇ ಉಳಿಯಬೇಕಾದರೆ ಇಲ್ಲಿ ಅವಳಿಗೆ ಬದುಕಿದವರ ಮಡಿಕೆ ಹಾಕಿ ಕಳಿಸಬೇಕು. ಹತ್ಸುಮಿ ಬಿಳಿ ಬಣ್ಣ ಕಲಸಿಟ್ಟುಕೊಂಡು ಕಾದಳು. ಮೇಷ್ಟ್ರು ಆ ಹಾಳೆಯನ್ನು ಬಹಳ ಹೊತ್ತು ನೋಡಿದರು. ಬಣ್ಣ ಬಟ್ಟಲಲ್ಲಿ ಕೆನೆಗಟ್ಟಿತು. ಆಮೇಲೆ ಅದನ್ನು ಮುಟ್ಟದೆ ಉಳಿದ ಹಾಳೆಗಳ ನಡುವೆ ಸೇರಿಸಿ, ಕಟ್ಟು ಕಟ್ಟತೊಡಗಿದರು.

"ಮೇಷ್ಟ್ರೇ, ಅದೊಂದು ಉಳೀತು" ಎಂದಳು ಹತ್ಸುಮಿ.

"ಉಳೀಲಿ."

"ಅಲ್ಲಿ ತಪ್ಪಾಗಿ ಕಾಣುತ್ತೆ."

"ಅದೂ ಸರಿ" ಎಂದರು. ದಾರದ ಗಂಟು ಬಿಗಿದ ಮೇಲೆ ತಲೆಯೆತ್ತದೆ ಹೇಳಿದರು: "ಇಲ್ಲಿ ಒಂದು ಸಲ ಸತ್ತಿದ್ದಾಳಮ್ಮ. ಅಲ್ಲೂ ಯಾಕೆ?"

ಪುಸ್ತಕ ಮುಂದಿನ ಶರತ್ಕಾಲಕ್ಕೆ ಬಂತು. ಗಟ್ಟಿ ರಟ್ಟು, ನುಣುಪು ಕಾಗದ. ಒಯ್ದು ಎಸೆಯುವ ಮನಸ್ಸು ಯಾರಿಗೂ ಬಾರದಂತಿತ್ತು. ಗೆನ್ಪಾಚಿ ಎಡಗೈಯಲ್ಲಿ ಹುಟ್ಟು ಹಾಕುತ್ತಿದ್ದ, ಸಮುರಾಯಿಗಳೆಲ್ಲ ಎಡಚರಾಗಿದ್ದರು, ಆದರೆ ಎಲ್ಲರೂ ಬದುಕಿದ್ದರು. ಮೇಷ್ಟ್ರು ಆ ಒಂದು ಪುಟದ ವರೆಗೆ ಹೋಗಿ, ಪೊರೆ ಬಂದ ಕಣ್ಣಿಗೆ ಪುಸ್ತಕವನ್ನು ಹತ್ತಿರ ಹಿಡಿದು, ಮುಚ್ಚಿಟ್ಟರು. ಕಣ್ಣು ಮುಚ್ಚಿ ಮಲಗಿದ್ದ ಓತಾಕಿಯ ಎದೆಯ ಮೇಲೆ ಎಡ ಮಗ್ಗುಲು ಮೇಲೆ ಬಂದಿತ್ತು. ಮಧ್ಯಾಹ್ನದ ಕೆಲಸ ಮುಗಿಸಿ ಒಂದು ಜೊಂಪು ತೆಗೆಯುತ್ತಿರುವ ಹೆಂಗಸಿನ ಹಾಗೆ. ಅಲ್ಲಿ ಅದು ಚೆನ್ನಾಗಿಯೇ ಹೋಯಿತಂತೆ. ಮುದುಕಿಯೊಬ್ಬಳು ಅಂಗಡಿಯಲ್ಲಿ ನಿಂತು ಓದಿ ಅತ್ತಳೆಂದು ಅಕುತ್ಸು ಸುದ್ದಿ ತಂದ. ಯಾವ ಪುಟದಲ್ಲಿ ಎಂದು ಮೇಷ್ಟ್ರು ಕೇಳಿದರು. ಅದು ಅವನಿಗೆ ಗೊತ್ತಿರಲಿಲ್ಲ.

ಆದರೆ ಆ ಪುಸ್ತಕದ ಒಂದು ಪ್ರತಿ ಟೋಕಿಯೊದ ಒಬ್ಬ ವಿಮರ್ಶಕನ ಕೈಗೂ ಸಿಕ್ಕಿತು. ಅವನು ನಮ್ಮ ಕಸುಬಿನವರೆಲ್ಲ ಓದುವ ಪತ್ರಿಕೆಯಲ್ಲಿ ಬರೆದ: ಊರಿಗೆಲ್ಲ ಸರಿಯಾಗಿ ಉಡಿಸಿದ ಇಗರಾಶಿಯವರು ಹೆಣಕ್ಕೆ ಉಡಿಸುವಾಗ ಮಾತ್ರ ಮರೆತಿದ್ದಾರೆ, ಕೈ ಕಲಿಯುವವರು ಮೊದಲ ವಾರದಲ್ಲಿ ಮಾಡುವ ತಪ್ಪು ಇದು, ಪರದೇಶದವರ ಎದುರು ನಮ್ಮ ಮಾನ ಹೋಯಿತು. ಆ ಮಾತು ಬಾಯಿಂದ ಬಾಯಿಗೆ ಹರಡಿತು. ಅಂಥ ತಿದ್ದುಪಡಿ ಸಹಾಯಕರ ಕೆಲಸವಾದ್ದರಿಂದ, ಅಕಿತಾದ ಹುಡುಗಿಯ ಎಡವಟ್ಟು ಎಂದೂ ಜನ ಆಡಿಕೊಂಡರು.

ಅಕುತ್ಸು ಓಡಿ ಬಂದ. ಹತ್ಸುಮಿ ಚಹಾ ತರುವಷ್ಟರಲ್ಲಿ ಅವನ ಸಲಹೆ ಮುಗಿದಿತ್ತು: ಸಹಾಯಕಿಯ ಕಣ್ತಪ್ಪು ಎಂದು ಎರಡು ಸಾಲು ಬರೆದುಕೊಟ್ಟರೆ ಸಾಕು, ಹೇಗೂ ಅವಳಿಗೇನೂ ಹೆಸರಿಲ್ಲ. ಹತ್ಸುಮಿ ಚಹಾದ ತಟ್ಟೆ ಇಟ್ಟು, ನಿಜವನ್ನೇ ಹೇಳಬಹುದಲ್ಲ ಎಂದಳು. ತಾನು ಅಷ್ಟು ನೇರವಾಗಿ ಮಾತಾಡಿದ್ದು ಅವಳಿಗೇ ಆಶ್ಚರ್ಯವಾಯಿತು.

"ಏನು ನಿಜ?" ಎಂದ ಅಕುತ್ಸು.

ಮೇಷ್ಟ್ರು ಅವಳತ್ತ ನೋಡಿ ತಲೆ ಅಲ್ಲಾಡಿಸಿದರು. "ನನ್ನ ಕೈ ತಪ್ಪಿತು ಅಂತ ಹಾಕಯ್ಯ. ವಯಸ್ಸಾಯ್ತು, ಮರೆತ ಅಂತ ಹಾಕು. ಈ ಹುಡುಗಿ ಹೆಸರು ಅದರಲ್ಲಿ ಬರಕೂಡದು."

"ನಗ್ತಾರೆ ಮೇಷ್ಟ್ರೇ."

"ನಗಲಿ. ಕಾರಣ ಹೇಳಿದ್ರೆ ಅಳ್ತಾರೆ. ಕಾರ್ಡು ಬರೀತಾರೆ."

ಪತ್ರಿಕೆಯಲ್ಲಿ ಹಾಗೆಯೇ ಬಂತು. ನಕ್ಕರು. ಆ ವರ್ಷದ ಔತಣದಲ್ಲಿ ಒಂದೂವರೆ ತೋಳಿನ ಕೋಟಿನ ಪಕ್ಕದಲ್ಲಿ ನಿಂತು, ಕಿರಿಯನೊಬ್ಬ ತನ್ನ ಅಂಗಿಯ ಮುಂಭಾಗವನ್ನು ತೋರಿಸಿ, ಮೇಷ್ಟ್ರೇ, ಇದು ಸರಿ ಇದೆಯೇ ನೋಡಿ ಎಂದು ಕೇಳಿದನಂತೆ. ಅವರು ಬಗ್ಗಿ ನೋಡಿ, "ಬದುಕಿದ್ದೀಯಪ್ಪ" ಎಂದು ಹೇಳಿ ಮನೆಗೆ ಬಂದರು. ಮತ್ತೆ ಬರೆಯಲಿಲ್ಲ. ಕಣ್ಣಿನ ಕಾರಣ ಎಂದು ಎಲ್ಲರಿಗೂ ಹೇಳಿದರು, ಅದು ಸುಳ್ಳೂ ಅಲ್ಲ. ಎರಡನೆಯ ಚಳಿಗಾಲ ದಾಟಲಿಲ್ಲ. ಮರಣವಾರ್ತೆಯ ಚಿಕ್ಕ ಬರಹದಲ್ಲೂ ಆ ಮಡಿಕೆಯ ತಪ್ಪಿನ ಪ್ರಸ್ತಾಪ ಒಂದು ಸಾಲು ಇತ್ತು.

ಅವರು ಹೋದ ಮೇಲೆ ಮಾಂಗಾ ಲೋಕವನ್ನೆಲ್ಲ ಸುತ್ತಿತು. ಹತ್ಸುಮಿ ಈಗ ತನ್ನದೇ ಕಥೆಗಳನ್ನು ಬರೆಯುತ್ತಾಳೆ; ಯಾವ್ಯಾವುದೋ ಊರುಗಳ ಮಕ್ಕಳು ಅವಳಿಗೆ ಚಿತ್ರ ಬರೆದು ಕಳಿಸುತ್ತಾರೆ. ಪುಟ ತಿರುಗಿಸುವ ವಾಡಿಕೆ ನಿಂತುಹೋಯಿತು. ಅಲ್ಲಿಯ ಓದುಗರೇ ಬೇಡವೆಂದರು. ಮೂಲ ಹೇಗಿದೆಯೋ ಹಾಗೆಯೇ ಕೊಡಿ, ಬಲದಿಂದ ಎಡಕ್ಕೆ ಓದುವುದನ್ನು ನಾವು ಕಲಿಯುತ್ತೇವೆ ಎಂದರು, ಕಲಿತರು. ಪುಸ್ತಕವನ್ನು ಹಿಂದಿನಿಂದ ತೆರೆದು ರೈಲಿನಲ್ಲಿ ಕೂತಿರುವ ಪರದೇಶದ ಮಕ್ಕಳ ಫೋಟೊ ನೋಡಿದಾಗ ಅವಳು ಅದನ್ನು ಕತ್ತರಿಸಿ ತನ್ನ ಮೇಜಿನ ಮುಂದೆ ಅಂಟಿಸಿಕೊಂಡಳು. ಇಷ್ಟು ಪ್ರೀತಿಯನ್ನು ಮೇಷ್ಟ್ರು ಕಾಣಬೇಕಿತ್ತು ಎನ್ನಿಸಿತು.

ಆಮೇಲೆ 'ಜೊಂಡಿನ ದೋಣಿ'ಯ ಹೊಸ ಮುದ್ರಣ ಬಂತು. ಅದೇ ಪ್ರಕಾಶನ, ಇನ್ನೂ ಚೆಂದದ ಕಾಗದ. ಹಳೆಯ ಮುದ್ರಣದ ತಪ್ಪುಗಳನ್ನೆಲ್ಲ ತೆಗೆದು, ಮೂಲ ಹಾಳೆಗಳಿಂದಲೇ, ಲೇಖಕರ ಆಶಯಕ್ಕೆ ಸಂಪೂರ್ಣ ನಿಷ್ಠವಾಗಿ ತಂದಿದ್ದೇವೆ ಎಂದು ಮುನ್ನುಡಿಯಲ್ಲಿ ಹೇಳಿಕೊಂಡಿದ್ದರು. ಹೇಳಿದ್ದು ನಿಜವೂ ಆಗಿತ್ತು. ಗೆನ್ಪಾಚಿಯ ಹುಟ್ಟು ಬಲಗೈಗೆ ಬಂದಿತ್ತು, ಮಕ್ಕಳ ಮಡಿಕೆ ನೆಟ್ಟಗಿತ್ತು. ಆ ಪುಟದಲ್ಲಿ ಓತಾಕಿ ಉತ್ತರಕ್ಕೆ ತಲೆಯಿಟ್ಟು ಮಲಗಿದ್ದಳು, ಹೆಣಕ್ಕೆ ಉಡಿಸಬೇಕಾದ ಹಾಗೆಯೇ ಉಡಿಸಿತ್ತು. ಯಾರೂ ತಪ್ಪು ಮಾಡಿರಲಿಲ್ಲ. ಹತ್ಸುಮಿ ಪ್ರಕಾಶಕರಿಗೆ ಏನಾದರೂ ತಿಳಿಸಬೇಕೆಂದು ಯೋಚಿಸಿ, ವಿಳಾಸದ ವರೆಗೆ ಬರೆದ ಕಾರ್ಡನ್ನು ಖಾಲಿಯಾಗಿಯೇ ಎತ್ತಿಟ್ಟಳು.

ಇಂಥವರು ಎಲ್ಲ ಕಸುಬಿನಲ್ಲೂ ಇರುತ್ತಾರೆ. ನಮ್ಮದರಲ್ಲಿ ಸ್ವಲ್ಪ ಹೆಚ್ಚು. ವಾರವಾರಕ್ಕೂ ಊರಿಗೆಲ್ಲ ಬೇಕಾದ್ದನ್ನು ಬರೆದು ಕೊಟ್ಟು, ಎಸೆದರೂ ನೊಂದುಕೊಳ್ಳದೆ, ಎಲ್ಲೋ ಒಂದು ಮೂಲೆಯಲ್ಲಿ ಮಾತ್ರ ತಮಗಾಗಿ ಒಂದಿಷ್ಟು ಇಟ್ಟುಕೊಳ್ಳುತ್ತಾರೆ. ಅದು ನೋಡುವವರಿಗೆ ತಪ್ಪಿನ ಹಾಗೆ ಕಾಣುತ್ತದೆ. ಅವರು ವಿವರಿಸುವುದಿಲ್ಲ, ವಿವರಿಸಿದರೆ ಅದೂ ಊರಿನದಾಗಿಬಿಡುತ್ತದೆಂದು ಅವರಿಗೆ ಗೊತ್ತು. ಅವರನ್ನು ಮರೆತವರಿಂದ ಅದಕ್ಕೆ ಅಪಾಯವಿಲ್ಲ. ಅವರನ್ನು ಬಹಳ ಗೌರವಿಸುವವರು, ಮೂಲವನ್ನು ಹುಡುಕಿ ತೆಗೆದು ಧೂಳು ಒರೆಸಿ ಒಂದು ಗೆರೆಯೂ ತಪ್ಪದಂತೆ ಮತ್ತೆ ಅಚ್ಚು ಹಾಕುವವರು, ಎಂದೋ ಒಂದು ದಿನ ಬಂದು ಅದನ್ನು ತಿದ್ದುತ್ತಾರೆ.